ಕೆಂಪು ಚುಕ್ಕೆಯ ಕೆಳಗಿನ ಮಾತು ಅಳಿಸಿದವರಿಗೆ

ಮಾನ್ಯರೇ,

ಖಾನಾಪುರ ಬಸ್ ನಿಲ್ದಾಣದ ಗೋಡೆಯ ಮೇಲಿದ್ದ ಮೂರು ಸಾಲುಗಳಿಗೆ ಸುಣ್ಣ ಬಳಿಸಿದವರು ತಾವು. ಅದರಿಂದ ನಮ್ಮವ್ವ ಮಗಳ ದನಿ ಕೇಳದೆಯೇ ತೀರಿಕೊಂಡಳು. ನನ್ನ ದೂರು ಇಷ್ಟೇ.

ಆ ಗೋಡೆಯ ಮೇಲೆ ಅಲ್ಲಿಯ ತರುಣ ಮಂಡಳದವರು ಊರಿನ ನಕ್ಷೆ ಬಿಡಿಸಿದ್ದರು. ಸಾರ್ವಜನಿಕ ಫೋನು ಇರುವಲ್ಲೆಲ್ಲ ಕೆಂಪು ಚುಕ್ಕೆ. ಎಲ್ಲಿ ಅಡ್ಡಿಯಿದೆಯೋ ಅಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಒಂದು ಸಾಲು: ಸರ್ಕಾರಿ ಕಚೇರಿ ಆವರಣದ್ದು ‘ಸಿಬ್ಬಂದಿಗೆ ಮಾತ್ರ’, ಸ್ಟೇಷನ್ ರಸ್ತೆಯದು ‘ಊರೊಳಗಿನ ಕರೆ ಮಾತ್ರ’, ಪೇಟೆಯದು ‘ಬರುವ ಕರೆ ಮಾತ್ರ’. ಹೊಳೆಯ ಕಡೆಯ ನಾಲ್ಕನೆಯ ಚುಕ್ಕೆಯ ಕೆಳಗೆ ಏನೂ ಇರಲಿಲ್ಲ. ಅಲ್ಲಿಂದ ಯಾರು ಬೇಕಾದರೂ ಯಾವ ಊರಿಗಾದರೂ ಮಾತಾಡಬಹುದಿತ್ತು. ತಮ್ಮ ಕಚೇರಿಗೆ ಆ ಸಾಲುಗಳಲ್ಲಿ ಅಪಪ್ರಚಾರ ಕಂಡಿತು. ಸಾಲು ಅಳಿಸಿದಿರಿ, ಚುಕ್ಕೆ ಉಳಿಸಿದಿರಿ. ಚುಕ್ಕೆ ಸರ್ಕಾರದ ಸಾಧನೆಯಲ್ಲವೇ? ಬೀಗ ತೆಗೆಸುವುದಕ್ಕಿಂತ ಬೀಗ ಇದೆ ಎಂದು ಬರೆದದ್ದನ್ನು ಅಳಿಸುವುದು ಸಲೀಸು. ಆ ದಕ್ಷತೆಗೆ ಕೈಮುಗಿಯುತ್ತೇನೆ.

ನನ್ನ ತಂಗಿ ಸಮೃದ್ಧಿಯನ್ನು ಖಾನಾಪುರಕ್ಕೆ ಕೊಟ್ಟಿದ್ದೇವೆ. ಚೊಚ್ಚಲ ಬಾಣಂತನ ತವರಿನದು. ಅವ್ವ ಬಸವಣ್ಣೆವ್ವ ನೀರು ಕಾಯಿಸಲು ಕುಳ್ಳು, ಬಾಣಂತಿ ಉಂಡೆಗೆ ಅಳವಿ, ಹಳೇ ಸೀರೆಯ ಕೌದಿ ಎಲ್ಲ ತೆಗೆದಿಟ್ಟು, ಕೊನೆಗೆ ತಾನೇ ಹಾಸಿಗೆ ಹಿಡಿದಳು. ಖಾನಾಪುರದಲ್ಲಿ ತಂಗಿಯ ಅತ್ತೆ ಕಾಶವ್ವನೇ ಬಾಣಂತನ ಮಾಡಬೇಕಾಯಿತು. ಡಾಕ್ಟರು ಕೈಚೆಲ್ಲಿದ ದಿನ ಅವ್ವ ಕೇಳಿದ್ದು ಒಂದೇ: “ಹಸಿ ಬಾಣಂತಿ ಅದಾಳ, ಕರಸಬ್ಯಾಡ್ರಿ. ಆಕಿ ದನಿ, ಕೂಸಿನ ದನಿ ಫೋನಿನ್ಯಾಗ ಕೇಳಸ್ರಿ, ಸಾಕು.”

ನಮ್ಮಲ್ಲಿ ಫೋನಿಲ್ಲ. ಬಾಜೂ ಮನೆಯ ಸಾವಂತ್ರವ್ವನ ನಂಬರೇ ನಮ್ಮ ಪಿ.ಪಿ. ನಂಬರು. ನಾಳೆ ಮುಂಜಾನೆ ಅಲ್ಲಿಗೆ ಫೋನು ಮಾಡು ಎಂದು ಸ್ಕೂಟರಿನ ಮೇಲೆ ಖಾನಾಪುರಕ್ಕೆ ಹೊರಟಿದ್ದ ಗೆಳೆಯನ ಕೈಯಲ್ಲಿ ತಂಗಿಗೆ ಹೇಳಿಕಳಿಸಿದೆ. ಮರುದಿನ ನೋಡಿದರೆ ಬಂದ್. ಬಸ್ಸಿಲ್ಲ, ಎಸ್‌ಟಿಡಿ ಅಂಗಡಿಗಳ ಬಾಗಿಲು ತೆರೆಯಲಿಲ್ಲ. ತಂಗಿಯ ಗಂಡ ಶಶಿಧರ ಗೋವಾದಲ್ಲಿ ಕೆಲಸದ ಮೇಲಿದ್ದ. ತಂಗಿ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಿಗಿಯಾಗಿ ಅರಿವೆ ಸುತ್ತಿ, ಕೂಸನ್ನು ಅವಚಿಕೊಂಡು ಅತ್ತೆಯ ಜೊತೆ ಆ ನಕ್ಷೆಯ ಮುಂದೆ ನಿಂತಳು. ಎಲ್ಲ ಚುಕ್ಕೆಯೂ ಒಂದೇ ಥರ. ಹಸಿ ಮೈಯವಳು, ಹತ್ತಿರದ್ದರಿಂದ ಶುರು ಮಾಡಿದಳು.

ಕಚೇರಿಯ ಕಾವಲುಗಾರ ಗೇಟು ತೆಗೆಯಲಿಲ್ಲ. “ಇದು ಸ್ಟಾಫಿಗಷ್ಟ ಐತ್ರಿ ಅಕ್ಕಾರ. ಮೊದಲ ಗ್ವಾಡಿ ಮ್ಯಾಲ ಬರದಿದ್ರಲ್ಲ, ನೋಡಲಿಲ್ಲೇನ್ರಿ?” ಎಂದನಂತೆ. ಎರಡನೆಯ ಫೋನಿನ ಕರೆ ಖಾನಾಪುರ ದಾಟಲಿಲ್ಲ. ಮೂರನೆಯದರಲ್ಲಿ ಗುಂಡಿ ಒತ್ತಿದರೆ ಸದ್ದೇ ಇಲ್ಲ. ಉಳಿದದ್ದು ಹೊಳೆಯ ಕಡೆಯದು, ಎಲ್ಲಕ್ಕಿಂತ ದೂರದ್ದು.

ಇತ್ತ ನಮ್ಮ ವಡಗಾವಿಯಲ್ಲಿ ಅವ್ವನನ್ನು ಹೊರಸಿನ ಸಮೇತ ಸಾವಂತ್ರವ್ವನ ಪಡಸಾಲೆಗೆ ಹೊತ್ತು ತಂದಿದ್ದೆವು. ಅವ್ವ ಫೋನಿನಿಂದ ಕಣ್ಣು ಕೀಳಲಿಲ್ಲ. ಕೊನೆಗೆ, “ಸಿಟ್ಟಾಗ್ಯಾಳೇನಪಾ ತಮ್ಮಣ್ಣ? ಬಾಣಂತನ ನನ್ನ ಕೈಲೆ ಆಗಲಿಲ್ಲಂತ?” ಎಂದಳು. ಇಲ್ಲವ್ವ, ಬಂದ್ ಐತಿ, ಇನ್ನೇನು ಬರ್ತೈತಿ ಅಂದೆ. ಅವಳು ನಂಬಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದಳು, ಹಾಗೆಯೇ ಹೋದಳು. ಅವಳ ಕಣ್ಣು ಮುಚ್ಚಿಸಿ ಇನ್ನೂ ಕೈ ತೆಗೆದಿರಲಿಲ್ಲ, ಫೋನು ರಿಂಗಾಯಿತು. ನಾನೇ ಎತ್ತಿದೆ. ಆ ಕಡೆ ಕೂಸು ಅಳುತ್ತಿತ್ತು.

ಅವ್ವನ ಆ ಮಾತನ್ನು ತಂಗಿಗೆ ಮೊದಲು ಹೇಳಿ, ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೊಸ ಫೋನು ಕೊಡಿ ಎಂದು ಕೇಳುತ್ತಿಲ್ಲ. ಇರುವ ಫೋನು ಯಾರಿಗೆ ಸಿಗುವುದಿಲ್ಲ ಎಂಬುದನ್ನು ಆ ಹುಡುಗರು ಮತ್ತೆ ಬರೆಯಲಿ, ಬಿಡಿ. ಅದೂ ಆಗದಿದ್ದರೆ ಸಮೃದ್ಧಿ ಸಿಟ್ಟಾಗಿರಲಿಲ್ಲ ಎಂದು ನಮ್ಮವ್ವನಿಗೆ ತಿಳಿಸಲು ಯಾವ ಚುಕ್ಕೆಯ ಬಳಿ ಹೋಗಬೇಕು, ತಾವೇ ತೋರಿಸಿ.

ಇಂತಿ,
ತಡವಾಗಿ ಬಂದ ಕರೆಯನ್ನು ಎತ್ತಿದವನು,
ತಮ್ಮಣ್ಣ, ನೇಕಾರ, ವಡಗಾವಿ