ಒಲ್ಲೆಪತ್ರಕ್ಕೆ ನಲವತ್ತು ದಿನ

ವಿಜಯಪುರ, ಫೆಬ್ರವರಿ 30, 2191

ಪೂಜ್ಯ ನೀಲಗಂಗವ್ವ ಮುತ್ತಜ್ಜಿಯವರಿಗೆ ಆರನೇ ತಲೆಮಾರಿನ ನಿಂಬೆವ್ವ ಮಾಡುವ ನಮಸ್ಕಾರಗಳು.

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಾತೂ ಅಲ್ಲಲ್ಲಿ ವಿಚಿತ್ರ ಅನ್ನಿಸೀತು, ಕ್ಷಮಿಸಬೇಕು. ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮೇಲ್ಮನವಿಯ ಕಡತ ನಮ್ಮಲ್ಲಿದೆ. ಎದುರಿನವರು ಎರಡು ಸಲ ರಾಜಿಗೆ ಕರೆದರು, ಎರಡು ಸಲವೂ ಒಲ್ಲೆ ಎಂದಿರಿ, ಅದಕ್ಕಾಗಿ ಒಂದು ಪೈಸೆಯ ದಂಡವೂ ನಿಮ್ಮ ತಲೆಗೆ ಬೀಳಲಿಲ್ಲ. ಈ ಪತ್ರ ತಲುಪುವ ಹೊತ್ತಿಗೆ ಮೂರನೆಯ ರಾಜಿಪತ್ರ ನಿಮ್ಮ ಕೈಯಲ್ಲಿರುತ್ತದೆ. ಅದಕ್ಕೆ ಏನೆಂದಿರೋ, ಆ ಹಾಳೆಯನ್ನು ಗೆದ್ದಲು ತಿಂದಿದೆ.

ನಮ್ಮಲ್ಲಿ ಹಾಗಿಲ್ಲ. ಮೇಲ್ಮನವಿಯಲ್ಲಿ ರಾಜಿ ತಳ್ಳುವವರು ‘ಒಲ್ಲೆಪತ್ರ’ ಕೊಡಬೇಕು: ಏಕೆ ಒಲ್ಲೆ ಎಂದು ಸ್ವಂತ ಕೈಯಿಂದ ಬರೆದು, ಅರಗಿನ ಮುದ್ರೆ ಹಾಕಿ. ತೀರ್ಪಿನಲ್ಲಿ ತಳ್ಳಿದ್ದಕ್ಕಿಂತ ಹೆಚ್ಚು ಸಿಕ್ಕರೆ ಮುದ್ರೆ ಒಡೆಯದೆ ಹಿಂದಿರುಗಿಸುತ್ತಾರೆ. ಸಿಗದಿದ್ದರೆ ನ್ಯಾಯಾಧೀಶರು ಅದನ್ನು ಗಟ್ಟಿಯಾಗಿ ಓದುತ್ತಾರೆ. ಜೊತೆಗೆ, ತಳ್ಳಿದ ದಿನದಿಂದ ಎದುರಿನ ವಕೀಲರು ದುಡಿದಷ್ಟೂ ದಿನ ನಾವು ಎದುರಿನವರಲ್ಲಿ ದುಡಿಯಬೇಕು. ಅವಕ್ಕೆ ಖರ್ಚುದಿನ ಎಂದು ಹೆಸರು.

ನನ್ನ ವ್ಯಾಜ್ಯ ನೆಗೆಣ್ಣಿಯ ಜೊತೆ, ಅಂದರೆ ಮೈದುನನ ಹೆಂಡತಿ ಕಸ್ತೂರಿಯ ಜೊತೆ. ಅತ್ತೆ ಹೋದ ಮೇಲೆ ಇಬ್ಬರೂ ಬೇರೆ ಬೇರೆ ಖಾನಾವಳಿ ನಡೆಸುತ್ತೇವೆ, ಅತ್ತೆಯ ‘ಶಾವಂತ್ರವ್ವನ ಖಾನಾವಳಿ’ ಎಂಬ ಹೆಸರು ಯಾರದು ಎಂಬುದೇ ಜಗಳ. ಕೆಳಗಿನ ಕೋರ್ಟು ಹೆಸರನ್ನು ಪೂರ್ತಿ ಅವಳಿಗೆ ಕೊಟ್ಟಿತು. ನಾನು ಮೇಲ್ಮನವಿ ಹಾಕಿದೆ. ವಾರಕ್ಕೆ ಮೂರು ದಿನ ಆ ಬೋರ್ಡು ನೀನೇ ಹಾಕಿಕೋ ಎಂದು ಅವಳು ರಾಜಿಪತ್ರ ಕಳಿಸಿದಳು. ಅಂದು ಅವಳ ಬಾಗಿಲಲ್ಲಿ ಬೀದಿ ತಿರುವಿನವರೆಗೂ ಸಾಲು. ನನ್ನ ಬಾಗಿಲಲ್ಲಿ ಒಂದು ನಾಯಿ. ಗೆದ್ದೇ ಗೆಲ್ಲುತ್ತೇನೆ, ಮುದ್ರೆ ಯಾರು ಒಡೆಯುತ್ತಾರೆ ಎಂದುಕೊಂಡು ಬರೆದೆ: ‘ಅವಳ ಮುಂದೆ ಅಷ್ಟು ಸಾಲು, ನನಗೇಕೆ ಅರ್ಧ ಪಾಲು? ಒಲ್ಲೆ.’

ತೀರ್ಪು ನನಗೆ ಕೊಟ್ಟದ್ದು ವಾರಕ್ಕೆ ಎರಡೇ ದಿನದ ಬೋರ್ಡು. ಒಲ್ಲೆಪತ್ರ ಓದುವಾಗ ಕೋರ್ಟಿನ ಜವಾನರೂ ನಕ್ಕರು. ನಲವತ್ತು ಖರ್ಚುದಿನ ಬಿದ್ದವು.

ಅವಳಲ್ಲಿ ಎರಡು ಬಿಸಿಲೊಲೆ, ಮಧ್ಯಾಹ್ನದ ಬಿಸಿಲು ಹಿಡಿದಿಟ್ಟು ಸಂಜೆ ಉರಿಯುವಂಥವು. ನನ್ನಲ್ಲಿ ಒಂದೇ, ಅದೂ ಮೋಡ ಕಂಡರೆ ಮುನಿಯುತ್ತದೆ. ಅವಳ ಶೇಂಗಾ ಚಟ್ನಿ ನನ್ನದಕ್ಕಿಂತ ಚೆನ್ನ. ಇದನ್ನು ಬರೆಯಲು ಕೈ ಬರುತ್ತಿಲ್ಲ. ಯಂತ್ರ ಬಡಿದ ರೊಟ್ಟಿಯನ್ನು ಊರಲ್ಲಿ ಯಾರೂ ಮುಟ್ಟರು, ಹಾಗಾಗಿ ನನ್ನನ್ನು ಹಿಟ್ಟಿನ ಮುಂದೆ ಕೂರಿಸಿದಳು. ಹದಿನೇಳು ದಿನ ರೊಟ್ಟಿ ಬಡಿದೆ. ಹದಿನೆಂಟನೆಯ ದಿನ ನನ್ನ ಕೈಯನ್ನೇ ನೋಡುತ್ತ ನಿಂತಳು.

“ಯಕ್ಕಾ, ಅತ್ತಿ ಈ ರೊಟ್ಟಿ ನಿನಗಷ್ಟ ಕಲಿಸಿದ್ಳು. ನನಗ ಯಾವತ್ತೂ ಹಿಂಗ ಬರಲಿಲ್ಲ. ಹೆಸರಾದ್ರೂ ನನ್ನ ಹತ್ರ ಇರ್ಲಿ ಅಂತ ಕೋರ್ಟಿಗೆ ಹೋದ್ನಿ.”

“ಅಷ್ಟು ಮಂದಿ ನಿನ್ನ ಬಾಗಲದಾಗ ನಿಂತಿರ್ತಾರಲ್ಲ?”

“ಉಂಡು ಎದ್ದು ಹೋಗಮುಂದ ನಿನ್ನ ರೊಟ್ಟಿ ಕೇಳ್ತಾರ ಯಕ್ಕಾ.”

ನನಗೆ ನಗು ಬರಲಿಲ್ಲ, ಆದರೆ ಅಂದು ರೊಟ್ಟಿ ಒಂದೂ ಹರಿಯಲಿಲ್ಲ.

ನಿನ್ನೆಗೆ ನಲವತ್ತು ಮುಗಿಯಿತು. ರಾಜಿಪತ್ರದ ಆ ಮೂರನೆಯ ದಿನ ಈಗಲೂ ನಿನ್ನದೇ, ಬದಲಿಗೆ ರೊಟ್ಟಿ ಕಲಿಸಬೇಕು ಎಂದು ಹೇಳಿ ಕಳಿಸಿದಳು. ಈ ರಾಜಿಗೆ ಮುದ್ರೆಯೂ ಇಲ್ಲ, ಖರ್ಚುದಿನವೂ ಇಲ್ಲ. ಆದ್ದರಿಂದ, ಮುತ್ತಜ್ಜಿ, ಪುಕ್ಕಟೆಯೆಂದು ನಿಮ್ಮ ಆ ಮೂರನೆಯ ರಾಜಿಪತ್ರ ತಳ್ಳಬೇಡಿ. ಮೊದಲು ಎದುರಿನವರ ಅಡುಗೆಮನೆಗೆ ಒಮ್ಮೆ ಹೋಗಿ ಬನ್ನಿ. ನಾನು ಇವತ್ತು ಬೆಳಿಗ್ಗೆ ಹೋದೆ. ನಾದುವುದು ತೋರಿಸಿದೆ, ಬಡಿಯುವುದು ತೋರಿಸಿದೆ. ಹಿಟ್ಟಿಗೆ ಕುದಿನೀರು ಎಷ್ಟು ಎಂಬುದು ಮಾತ್ರ, ನಾನು ಬೆನ್ನು ತಿರುಗಿಸಿ ಹಾಕಿದ್ದರಿಂದ, ಅವಳಿಗೆ ಕಾಣಲಿಲ್ಲ.

ನಿಮ್ಮ
ನಿಂಬೆವ್ವ