ಹಾಜರಿಯಲ್ಲಿ ದೊಡ್ಡಕ್ಕ

ಅಮ್ಮಾ,

ನಿನ್ನೆ ಊಟದ ಹೊತ್ತಿನಲ್ಲಿ ಈ ಕತೆ ಹೇಳಿದವರು ಹೊಲಿಗೆ ಕಾರ್ಖಾನೆಯ ಮೇಲ್ವಿಚಾರಕರು. ಈ ಪರದೇಶದ ವ್ಯಾಪಾರ, ಸಂಸ್ಕೃತಿ ಎರಡನ್ನೂ ಕಲಿಯಲಿ ಎಂದು ಕಾಲೇಜಿನವರು ನಮ್ಮನ್ನು ಅಲ್ಲಿಗೆ ಕಳಿಸುತ್ತಾರೆ. ಅಲ್ಲಿ ಹೊಲಿಯುತ್ತಿದ್ದ ಹಿರಿಯ ಹೆಂಗಸೊಬ್ಬಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರಂತೆ; ತೀರಿಹೋದ ಅವಳನ್ನು ಇಂದಿಗೂ ಹಾಜರಿಯಲ್ಲಿ ಕೂಗುತ್ತಾರಂತೆ.

“ಸತ್ತ ಮೇಲೂ ರಜಾ ಇಲ್ವಾ ಸಾರ್?” ಎಂದು ಗೆಳತಿ ನಕ್ಕಳು.

“ಒಂದಿನ ಕೊಟ್ಟು ನೋಡಿದ್ವಿ ಕಣಮ್ಮ, ಹೆಸರು ಕೂಗ್ಲಿಲ್ಲ. ಅವಳ ಮೆಷಿನ್ ಸಂಜೆ ತನಕ ತಾನಾಗೇ ಓಡ್ತು.”

ಇಂದು ಬೆಳಿಗ್ಗೆ ನಾವೆಲ್ಲ ಹಾಜರಿಗೆ ಹೋಗಿ ನಿಂತೆವು. ಅವರು “ದೊಡ್ಡಕ್ಕಾ” ಎಂದು ಕೂಗಿ ಸುಮ್ಮನಾದರು. ಆ ಮೌನದಲ್ಲಿ ನಾನೂ ಮೆಲ್ಲಗೆ “ಅಮ್ಮಾ” ಎಂದೆ. ನೀನು ಹೋದಾಗ ನನಗಿಲ್ಲಿ ಪರೀಕ್ಷೆಯಿತ್ತಲ್ಲ, ಮಣ್ಣಿಗೂ ಬರಲಿಲ್ಲ.

“‘ಓ’ ಅಂದಿದ್ಯಾರು?” ಎಂದು ಮೇಲ್ವಿಚಾರಕರು ತಿರುಗಿದರು. ಗೆಳತಿಯ ನಗು ಉಡುಗಿತ್ತು. ಎಲ್ಲರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು.