ತೊಂಬತ್ತು ಸರಿಯಾದ ಉತ್ತರ

ಓಮಲೂರು
ಸೆಪ್ಟೆಂಬರ್ ೨೧, ಭಾನುವಾರ

ಪ್ರೀತಿಯ ಪುಷ್ಪಕ್ಕನಿಗೆ ನಿನ್ನ ತಂಗಿ ಮೇನಕಾ ಬರೆಯುವುದು.

ಹರಿದು ಹಾಕಬೇಕೆನಿಸಿದರೆ ಹಾಕು. ಆದರೆ ಒಂದು ಸಲ ಓದಿ ಆಮೇಲೆ ಹರಿ.

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಅಮ್ಮನ ಫೋನಿನಿಂದ ಮಾಡಿದರೂ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ತಾರಮಂಗಲಂಗೆ ಬಂದು ನಿನ್ನ ಮನೆ ಬಾಗಿಲು ತಟ್ಟಿದ ದಿನ ಕಿಟಕಿಯ ಪರದೆ ಸರಿದದ್ದು ನನಗೆ ಕಂಡಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಉಳಿದದ್ದು ಕಾಗದ ಒಂದೇ. ಅದನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೊಳ್ಳೇಗಾಲದಲ್ಲಿ ಮಾವನ ಮನೆಯಲ್ಲಿದ್ದು ಐದನೇ ಕ್ಲಾಸಿನವರೆಗೆ ನಾವಿಬ್ಬರೂ ಕಲಿತ ಅಕ್ಷರ ಇದು. ಭಾವ ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಆಡಿ ಬೆಳೆದವರಾದರೂ ಓದು ಬರಹವೆಲ್ಲ ತಮಿಳಿನಲ್ಲೇ ಆದದ್ದರಿಂದ ಈ ಕಾಗದ ಅವರ ಕಣ್ಣಿಗೆ ಬಿದ್ದರೂ ಅವರಿಗೆ ತಿಳಿಯುವುದಿಲ್ಲ. ಇದು ನಿನಗೆ ಮಾತ್ರ.

ನಿನ್ನ ಗಂಡನ ಕೆಲಸಕ್ಕೆ ನಾನು ಕಲ್ಲು ಹಾಕಿದೆ ಎಂದು ನಮ್ಮವರೆಲ್ಲ ಮಾತಾಡುತ್ತಿದ್ದಾರೆ. ನೀನು ಕೇಳಿರುವುದು ಭಾವನ ಬಾಯಿಂದ ಮಾತ್ರ. ನಾನು ಕಣ್ಣಾರೆ ಕಂಡದ್ದನ್ನೂ ಕೇಳು.

ಅಕ್ಕ, ಸರವಣನ್ ಭಾವ ಮೊದಲಿನಿಂದಲೂ ಹೀಗಿದ್ದರು ಎಂದು ನಾನು ಹೇಳುವುದಿಲ್ಲ. ಲಾಕ್‌ಡೌನಿನಲ್ಲಿ ಶಾಲೆ ಮುಚ್ಚಿದಾಗ ನಿಮ್ಮ ಮಹಡಿಯ ಮೇಲೆ ಹಲಗೆ ನೇತುಹಾಕಿ ಅವರು ಗಣಿತ ಹೇಳಿಕೊಟ್ಟರಲ್ಲ, ಆಗ ಫೋನು ಹಿಡಿದು ನಿಂತವಳು ನಾನೇ. ಮೊರಪ್ಪೂರಿನ ಯಾವುದೋ ಹುಡುಗಿ ಆ ವೀಡಿಯೋ ನೋಡಿ ಪಾಸಾದೆ ಸಾರ್ ಎಂದು ಫೋನ್ ಮಾಡಿದ ದಿನ ನೀನು ಪಾಯಸ ಮಾಡಿದ್ದೆ. ಶಾಲೆ ತೆರೆದ ಮೇಲೆ ಕ್ಯಾಮೆರಾ ಹಲಗೆಯಿಂದ ಮಕ್ಕಳ ಮುಖದ ಕಡೆಗೆ ತಿರುಗಿತು. ಲೆಕ್ಕ ಸರಿಯಾಗಿ ಮಾಡುವ ಮಗುವನ್ನು ಯಾರೂ ನೋಡುವುದಿಲ್ಲ, ತಡವರಿಸುವ ಮಗುವನ್ನು ಊರೇ ನೋಡುತ್ತದೆ ಎಂಬುದು ಅವರಿಗೆ ತಿಳಿದುಹೋಯಿತು. ಅಲ್ಲಿಂದ ಅವರ ಯೂಟ್ಯೂಬ್ ಚಾನೆಲ್ಲಿನಲ್ಲಿ ಲೆಕ್ಕವೇ ಇಲ್ಲ, ಬರೀ ನಗು.

ಈ ವರ್ಷ ಭಾವನೂ ನಾನೂ ಕಲಿಸುವ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಇಂಟರ್‌ನೆಟ್ಟನ್ನು ಜವಾಬ್ದಾರಿಯಿಂದ ಬಳಸುವುದು ಹೇಗೆ ಎಂಬ ಪಾಠ ನನ್ನ ಪಾಲಿಗೆ ಬಂತು. ನಿನ್ನ ಮಗಳು ಯಾಳಿನಿಯೂ ಅದೇ ತರಗತಿ. ಪುಸ್ತಕದಲ್ಲಿರುವುದನ್ನು ಓದಿಸಿದರೆ ಮಕ್ಕಳು ಆಕಳಿಸುತ್ತಾರೆ ಎಂದು ಹಾಸ್ಟೆಲಿನ ಕಾಲದ ನನ್ನ ಒಂದು ಫೋಟೋ ಬೋರ್ಡಿಗೆ ಅಂಟಿಸಿದೆ. ಎಣ್ಣೆ ಸುರಿಯುವ ತಲೆ, ದೊಡ್ಡ ರಿಬ್ಬನ್ನು. ಇದು ಫೋನಿನಲ್ಲಿ ಬಂದರೆ ಏನು ಕಮೆಂಟ್ ಹಾಕುತ್ತೀರೋ ಅದನ್ನೇ ಚಾಕ್‌ಪೀಸಿನಲ್ಲಿ ಬರೆಯಿರಿ ಎಂದೆ. ಹಂಚಿಕಡ್ಡಿ, ಎಣ್ಣೆಯಂಗಡಿ, ದೆವ್ವ, ಎಲ್ಲ ಬರೆದರು, ಹೊಟ್ಟೆ ಹಿಡಿದು ನಕ್ಕರು. ಈಗ ಅಳಿಸಿ ಎಂದೆ. ಎಷ್ಟು ಉಜ್ಜಿದರೂ ಅಕ್ಷರದ ನೆರಳು ಉಳಿದೇ ಇತ್ತು. ಒಬ್ಬರ ಚಿತ್ರ ತೆಗೆಯುವ ಮುಂಚೆ ಕೇಳಬೇಕು, ಹಾಕುವ ಮುಂಚೆ ಇನ್ನೊಂದು ಸಲ ಕೇಳಬೇಕು, ಅವರು ಬೇಡ ಎಂದರೆ ಅಲ್ಲಿಗೆ ಮುಗಿಯಿತು ಎಂದು ಹೇಳಿದೆ.

ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ನನ್ನ ಹಿಂದೆಯೇ ಬಂದಳು. ಮಾದೇಶ್ವರಿ ಅಂತ, ಮೇಟ್ಟೂರಿನ ಆಚೆ ಕೊಳತ್ತೂರಿನ ಕಡೆಯವಳು. ತಾಯಿ ಅಂಜಮ್ಮನಿಗೆ ಇಲ್ಲಿ ನೂಲಿನ ಮಿಲ್ಲಿನಲ್ಲಿ ಕೆಲಸ ಸಿಕ್ಕಿದ್ದರಿಂದ ಈ ವರ್ಷ ನಮ್ಮ ಶಾಲೆಗೆ ಸೇರಿದವಳು. ನನ್ನ ಹತ್ತಿರ ಮಾತ್ರ ಕನ್ನಡದಲ್ಲಿ ಮಾತಾಡುತ್ತಿದ್ದಳು. "ಮಿಸ್ಸು, ನಿಮ್ಗೆ ಬೇಜಾರಾಯ್ತಾ? ನಾನೇನೂ ಬರೀಲಿಲ್ಲ" ಅಂದಳು.

ಆ ಮಗುವನ್ನೇ ಭಾವ ಆರಿಸಿಕೊಂಡರು.

ವೀಡಿಯೋ ನೀನು ನೋಡಿರಬಹುದು. ನೋಡಿ ನಕ್ಕಿರಲೂಬಹುದು, ಏಕೆಂದರೆ ಅದನ್ನು ನಗಲಿಕ್ಕೆಂದೇ ಮಾಡಿದ್ದು. ಮೂವತ್ತನ್ನು ಮೂರರಿಂದ ಗುಣಿಸಿದರೆ ಎಷ್ಟು ಎಂದು ಕೇಳುತ್ತಾರೆ. ಮಾದೇಶ್ವರಿ ಹೆದರಿ, ಬಾಯಿಗೆ ಬಂದ ಮನೆಮಾತಿನಲ್ಲಿ "ತೊಂಬತ್ತು" ಎನ್ನುತ್ತಾಳೆ. ತಮಿಳಿನ ತೊಣ್ಣೂರು ಎಂಬುದನ್ನೇ ಕಾಯುತ್ತಿದ್ದ ತರಗತಿಗೆ ಅದು ಏನೋ ವಿಚಿತ್ರವಾಗಿ ಕೇಳಿ ಎಲ್ಲರೂ ನಗುತ್ತಾರೆ. ಇನ್ನೊಂದು ಸಲ ಹೇಳು ಎನ್ನುತ್ತಾರೆ ಭಾವ. ಮತ್ತೊಂದು ಸಲ. ಆ ಮಗು ಪ್ರತಿ ಸಲವೂ ಹೇಳುತ್ತದೆ, ಕಣ್ಣು ತುಂಬಿಕೊಂಡು ಹೇಳುತ್ತದೆ, ಭಾವ ಕ್ಯಾಮೆರಾ ನೋಡಿ ತಲೆ ಚಚ್ಚಿಕೊಳ್ಳುತ್ತಾರೆ. ಮೇಲೆ ಕತ್ತೆ ಕೂಗುವ ಸದ್ದು ಬೇರೆ ಸೇರಿಸಿದ್ದಾರೆ. ಮೊದಲ ಬೆಂಚಿನಲ್ಲಿ ಯಾಳಿನಿ ತಲೆ ತಗ್ಗಿಸಿ ಕೂತಿರುವುದು ಕಾಣುತ್ತದೆ.

ಉತ್ತರ ಸರಿ ಇತ್ತು ಅಕ್ಕ. ತೊಂಬತ್ತು ಅಂದರೆ ತೊಂಬತ್ತೇ. ನಿಮ್ಮ ಅತ್ತೆ, ನೀನು, ಭಾವ, ನಿಮ್ಮ ಮನೆಯಲ್ಲಿ ದೊಡ್ಡವರೆಲ್ಲ ಅನ್ನುವುದು ಅದನ್ನೇ.

ಅದನ್ನು ಶಿಕ್ಷಕರ ಗುಂಪಿಗೂ ಅವರೇ ಕಳಿಸಿದರು. ಮಕ್ಕಳಿಗೆ ನೀತಿ ಹೇಳುವ ಕೈಗಳೆಲ್ಲ ಅದಕ್ಕೆ ಕೆಂಪು ಹೃದಯ ಒತ್ತಿದವು. ಎಚ್.ಎಂ. ಮೇಡಂ ಚಪ್ಪಾಳೆ ತಟ್ಟುವ ಚಿತ್ರ ಹಾಕಿದರು. ಹೊರಗಿನವರು ಕೆಳಗೆ ಬರೆದದ್ದನ್ನು ನಾನು ಇಲ್ಲಿ ಬರೆಯಲಾರೆ. ಅವಳ ಬಣ್ಣ, ಅವಳ ಹಲ್ಲು, ಅವಳ ತಾಯಿ, ಯಾವುದನ್ನೂ ಬಿಡಲಿಲ್ಲ. ಅದನ್ನು ಓದಿ ನಾನು ಕೈ ತೊಳೆದುಕೊಂಡೆ. ಫೋನು ಮುಟ್ಟಿದ ಕೈ ವಾಸನೆ ಬರುತ್ತಿದೆ ಅನ್ನಿಸಿತು.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಭಾವನನ್ನು ಕೇಳಿದೆ. "ಬಾವ, ತೊಂಬತ್ತು ಅಂದ್ರೆ ಸರೀನೇ ಅಲ್ವಾ?"

ಅವರು ಟಿಫಿನ್ ಡಬ್ಬಿ ಮುಚ್ಚುತ್ತಾ ನಕ್ಕರು. "ಸರಿ ಅಂತ ನಂಗ್ ಗೊತ್ತಿಲ್ವಾ ಮೇನಕಾ? ಸರಿ ಅಂತ ಕೂರ್ಸ್‌ಬುಟ್ರೆ ಯಾರ್ ನೋಡ್ತಾರೆ? ಎಲ್ಲಾ ಜಾಲಿಗೆ ತಾನೆ. ಊರೆಲ್ಲ ನಮ್ ಸ್ಕೂಲ್ ಪೇರು ಓಡ್ತಾ ಐತೆ ನೋಡು."

ಗೊತ್ತಿದ್ದೇ ಮಾಡಿದ್ದರು. ಎಚ್.ಎಂ. ಹತ್ತಿರ ಹೋದರೆ, ಸರವಣನ್ ನಮ್ಮ ಶಾಲೆಯ ಮುಖ, ಅವರ ಹೆಸರು ಕೇಳಿಯೇ ಮಕ್ಕಳು ಸೇರುತ್ತಿದ್ದಾರೆ, ಮನೆಯ ಜಗಳ ಇಲ್ಲಿಗೆ ತರಬೇಡ ಎಂದರು. ಮಧ್ಯಾಹ್ನ ಪಾಠಕ್ಕೆ ಹೋದಾಗ ಒಬ್ಬ ಹುಡುಗ ಎದ್ದು ನಿಂತು, ಮಿಸ್, ನೀವು ಹೇಳಿದ ಆ ಪಾಠ ಸಾರ್‌ಗಳಿಗೂ ಸೇರಿದ್ದಾ ಎಂದು ಕೇಳಿದ. ಅವನು ಗೇಲಿ ಮಾಡಲಿಲ್ಲ, ನಿಜವಾಗಿಯೇ ಕೇಳಿದ. ಹೌದು, ಸೇರಿದ್ದೇ ಎಂದೆ. ಯಾರೂ ನಂಬಿದಂತೆ ಕಾಣಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗರು ತೊಂಬತ್ತು, ತೊಂಬತ್ತು ಎಂದು ಕೂಗತೊಡಗಿದ ಮೇಲೆ ಮಾದೇಶ್ವರಿ ಶಾಲೆಗೆ ಬರುವುದನ್ನೇ ಬಿಟ್ಟಳು. ಮಿಲ್ಲಿನ ಹಿಂದಿನ ಲೈನ್ ಮನೆಗೆ ಹುಡುಕಿಕೊಂಡು ಹೋದೆ. ಅಂಜಮ್ಮ ನನ್ನನ್ನು ಕೂರಿಸಿ ನೀರು ಕೊಟ್ಟಳು. ಅವಳಿಗೆ ಕೋಪವೇ ಇರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.

"ಬುಡಿ ಮಿಸ್ಸು. ದೊಡ್ ವಾದ್ಯಾರು ಅವ್ರು, ಏನೋ ತಮಾಸೆಗೆ ಮಾಡವ್ರೆ. ಆದ್ರೆ ಇವ್ಳು ಈಗ ನನ್ತಾವ್ಲೂ ತಮಿಳೇ ಮಾತಾಡ್ತಾಳೆ. ಕನ್ನಡದಾಗೆ ಕರುದ್ರೆ ಓ ಅನ್ನಾಕಿಲ್ಲ. ಅವ್ಳ್ ಏಳಾದು ನಂಗ್ ಅರ್ಧ ತಿಳಿಯಾಕಿಲ್ಲ ಮಿಸ್ಸು."

ಒಳಗಿನಿಂದ ಹುಡುಗಿ ತಮಿಳಿನಲ್ಲಿ, ಅವರನ್ನು ಹೋಗಲು ಹೇಳಮ್ಮ ಎಂದಳು.

ಇಷ್ಟಕ್ಕೇ ನಿಂತಿದ್ದರೆ ನಾನು ನಿನ್ನ ಮನೆಗೇ ಬಂದು, ನಿನ್ನ ಮುಂದೆಯೇ ಅವರನ್ನು ಬೈದು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಕೆಲವರು ಕೆಳಗೆ, ಇದು ಕನ್ನಡದಲ್ಲಿ ಸರಿಯಾದ ಉತ್ತರವಲ್ಲವಾ ಎಂದು ಬರೆಯತೊಡಗಿದರು. ಭಾವ ಹೆದರಿದರು. ಕ್ಷಮೆ ಕೇಳುವ ವೀಡಿಯೋ ಒಂದನ್ನು ಮಾಡಿಬಿಡೋಣ ಎಂದರು. ಹೆಂಗಸರು ಒಬ್ಬರು ಇರಲಿ ಎಂದು ಎಚ್.ಎಂ. ನನ್ನನ್ನೂ ಅಂಜಮ್ಮನ ಮನೆಗೆ ಕಳಿಸಿದರು. ನಿಜವಾಗಿ ಕ್ಷಮೆ ಕೇಳುತ್ತಾರೆ ಎಂದುಕೊಂಡೇ ನಾನು ಹೋದೆ.

ಹೊಸ ಸ್ಕೂಲ್ ಬ್ಯಾಗು, ಲಾಡಿನ ಡಬ್ಬಿ, ಮುಖಕ್ಕೆ ಬೆಳಕು ಬಿಡುವ ಗುಂಡಗಿನ ದೀಪ. ಅಂಜಮ್ಮ ಮಿಲ್ಲಿಗೆ ಹೊರಟಿದ್ದವಳು, ಅವಳನ್ನು ಹಿಡಿದು ಕುರ್ಚಿಯ ಮೇಲೆ ಕೂರಿಸಿದರು. ಸೀರೆ ಬದಲಿಸಲು ಹೋದರೆ, ಬೇಡ, ಇದೇ ಇರಲಿ, ಬಡವರ ಮನೆ ಅಂತ ಕಾಣಬೇಕು ಎಂದರು. ಮಾದೇಶ್ವರಿಯನ್ನು ಒಳಗಿನಿಂದ ಎಳೆದು ತಂದರು. ಸಾರ್ ಮೇಲೆ ನನಗೆ ಬೇಜಾರಿಲ್ಲ ಎಂದು ಹೇಳಿ, ನಗುತ್ತಾ ಇನ್ನೊಂದು ಸಲ ತೊಂಬತ್ತು ಅನ್ನಬೇಕಂತೆ. ಅವಳ ಬಾಯಿ ತೆರೆಯಲೇ ಇಲ್ಲ. ಭಾವ ತಾವೇ ಕ್ಷಮೆಯ ಮಾತು ಹೇಳಿ, ಒಂದು ಲಾಡು ಎತ್ತಿ ಅವಳ ಬಾಯಿಗೆ ತುರುಕಿದರು. ಬೆಳಕು ಸರಿಯಾಗಿಲ್ಲ ಎಂದು ಮತ್ತೊಂದು ತುರುಕಿದರು. ಅವಳು ಅಗಿಯಲಿಲ್ಲ, ನುಂಗಲಿಲ್ಲ. ಎರಡು ಕೆನ್ನೆಯೂ ಉಬ್ಬಿಕೊಂಡು, ಕಣ್ಣು ಮಿಟುಕಿಸದೆ ಕೂತಿದ್ದಳು. ಸಾಕು, ಮುಗಿಯಿತು ಎಂದು ಭಾವ ಫೋನು ಕೆಳಗಿಳಿಸಿದ ಮೇಲೆ ಎದ್ದು ಮೋರಿಯ ಹತ್ತಿರ ಹೋಗಿ ಎಲ್ಲವನ್ನೂ ಉಗಿದಳು. ಬೆರಳು ಹಾಕಿ ನಾಲಿಗೆ ಉಜ್ಜಿ ಉಜ್ಜಿ ಉಗಿದಳು.

ನನಗೂ ವಾಕರಿಕೆ ಬಂತು ಅಕ್ಕ. ಇವತ್ತಿಗೂ ಮಿಠಾಯಿ ಅಂಗಡಿಯ ಮುಂದೆ ಹೋದರೆ ಬರುತ್ತದೆ.

ಮುಂದಿನ ವಾರ ಮಕ್ಕಳ ಸಹಾಯವಾಣಿಯಿಂದ ಇಬ್ಬರು ಶಾಲೆಗೆ ಬಂದರು. ದೂರು ಕೊಟ್ಟ ನೀಚರು ಯಾರು ಎಂದು ಎಚ್.ಎಂ. ಸ್ಟಾಫ್ ರೂಮಿನಲ್ಲಿ ಕಿರುಚಿದಾಗ ನಾನೇ ಎಂದೆ. ಭಾವ ನನ್ನನ್ನು ನೋಡಿದ ನೋಟ ನಿನಗೆ ಹೇಗೆ ಹೇಳಲಿ. ಬಂದವರ ಮುಂದೆ ಕೂತು ಕಂಡದ್ದಷ್ಟನ್ನೂ ಹೇಳಿ ಸಹಿ ಹಾಕಿದೆ. ವೀಡಿಯೋಗಳನ್ನು ತೆಗೆಸಿದರು. ವಿಚಾರಣೆ ಮುಗಿಯುವ ತನಕ ಭಾವ ತರಗತಿಗೆ ಹೋಗಬಾರದೆಂದು ಆಡಳಿತದವರು ಹೇಳಿದರು. ನಮ್ಮ ಶಿಕ್ಷಕರೆಲ್ಲ ಒಬ್ಬೊಬ್ಬರಾಗಿ ತಮ್ಮ ಹೃದಯದ ಚಿಹ್ನೆಗಳನ್ನು ಅಳಿಸಿಕೊಂಡರು. ಈಗ ನಾನು ಹೋದರೆ ಟೀ ಲೋಟ ಹಿಡಿದು ಎದ್ದುಹೋಗುತ್ತಾರೆ. ಹೋಗಲಿ, ಅವರ ಜೊತೆ ಕೂತು ಕುಡಿದರೆ ನನಗೂ ಇಳಿಯುವುದಿಲ್ಲ.

ಮಾದೇಶ್ವರಿ ಶಾಲೆಗೆ ಮರಳಿ ಬಂದಿದ್ದಾಳೆ. ಕೊನೆಯ ಬೆಂಚು. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಬಹಳ ಮರ್ಯಾದೆಯಿಂದ. ಬೇರೆಯವರು ಇಳಿಸಿಕೊಂಡ ವೀಡಿಯೋ ಎಲ್ಲೆಲ್ಲಿ ಓಡುತ್ತಿದೆಯೋ. ಅದನ್ನು ತೆಗೆಸುವವರು ಯಾರು, ಆ ಮಗುವಿನ ಮಾತನ್ನು ತಾಯಿಗೆ ವಾಪಸು ತಂದು ಕೊಡುವವರು ಯಾರು, ನನಗೆ ತಿಳಿಯದು.

ನಾನು ನಿನ್ನ ಕ್ಷಮೆ ಕೇಳುವುದಿಲ್ಲ, ಕೇಳುವಂಥದ್ದು ಮಾಡಿಲ್ಲ. ನೀನು ಕಷ್ಟಪಡುತ್ತಿರುವುದಕ್ಕೆ ಮಾತ್ರ ನನಗೆ ಸಂಕಟ. ಬಾಗಿಲು ಯಾವಾಗ ತೆರೆಯಬೇಕೆನಿಸಿದರೂ ತೆರೆ, ನಾನು ಬರುತ್ತೇನೆ.

ಬೈದರೂ ನಿನ್ನವಳೇ ಆದ,
ಮೇನಕಾ

ಮರೆತ ಮಾತಲ್ಲ, ಮುಚ್ಚಿಟ್ಟ ಮಾತು: ಸಹಾಯವಾಣಿಗೆ ಫೋನ್ ಮಾಡಿದವಳು ನಾನಲ್ಲ. ನಾನು ಇನ್ನೂ ನಿನ್ನ ಮುಖ ನೆನೆದು ಮೀನಮೇಷ ಎಣಿಸುತ್ತಿದ್ದೆ. ಲಾಡಿನ ವೀಡಿಯೋಗೆ ಹಾಡು ಸೇರಿಸುವ ಕೆಲಸವನ್ನು ಭಾವ ಯಾಳಿನಿಗೆ ಕೊಟ್ಟಿದ್ದರಂತೆ. ಕೆಳಗಿಳಿಸಿದ ಫೋನಿನಲ್ಲಿ ರೆಕಾರ್ಡಿಂಗ್ ನಿಂತಿರಲಿಲ್ಲ, ಮಾದೇಶ್ವರಿ ಉಗಿಯುವ ಸದ್ದೂ ಅದರಲ್ಲಿತ್ತಂತೆ. ಅಷ್ಟನ್ನು ಕತ್ತರಿಸು ಎಂದರಂತೆ. ಅವಳು ಕತ್ತರಿಸಿ ಕೊಟ್ಟು, ಜೆರಾಕ್ಸ್ ಅಂಗಡಿಯ ಅಕ್ಕನ ಫೋನಿನಿಂದ ಸಹಾಯವಾಣಿಗೆ ಕರೆ ಮಾಡಿ, ಅಪ್ಪನ ಹೆಸರು ಹೇಳುವಾಗ ಅತ್ತಳಂತೆ. ಕರೆ ಮಾಡಿದ ಮೇಲೆ ನನ್ನ ಹತ್ತಿರ ಬಂದು ಇದನ್ನೆಲ್ಲ ಹೇಳಿದಾಗ, ಯಾರಿಗೂ ಹೇಳಬೇಡ, ನಾನು ನೋಡಿಕೊಳ್ಳುತ್ತೇನೆ ಎಂದಿದ್ದೆ. ಆದರೆ ನೀನು ಊಟಕ್ಕೆ ಕೂತಾಗಲೆಲ್ಲ ನನಗೆ ಶಾಪ ಹಾಕುವುದನ್ನು ಕೇಳಿ ಅವಳಿಗೆ ತುತ್ತು ಇಳಿಯುತ್ತಿಲ್ಲ. "ಚಿತ್ತಿ, ಅಮ್ಮಾಕಿಟ್ಟ ನೀಂಗಳೇ ಸೊಲ್ಲಿಡುಂಗ," ಚಿಕ್ಕಮ್ಮ, ಅಮ್ಮನಿಗೆ ನೀವೇ ಹೇಳಿಬಿಡಿ, ಎಂದು ಕೈಹಿಡಿದು ಕೇಳಿದಳು. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟವಳು ಅವಳೇ ಅಲ್ಲವಾ? ಅವಳಿಗೆ ಕನ್ನಡ ಓದಲು ಬಾರದು, ಆದರೆ ಏನು ಬರೆದಿದೆ ಎಂದು ಗೊತ್ತು. ನೀನು ಇದನ್ನು ಓದಿ ಮುಗಿಸುವ ತನಕ ಅವಳು ಅಲ್ಲೇ ನಿಂತಿರುತ್ತಾಳೆ. ಹತ್ತಿರ ಕರೆದುಕೋ. ಭಾವನಿಗೆ ನನ್ನ ಹೆಸರೇ ಇರಲಿ.